ಮಂಜಯ್ಯನವರಿಂದ ನಾನು ಸಹಿ ಹಾಕಿಸಿದ ಕಾಗದ

ಆ ದಿನ ಬೆಳಿಗ್ಗೆಯೂ ನಳ್ಳಿಯಲ್ಲಿ ನೀರು ಬಂದದ್ದು ಐದು ಗಂಟೆಗೇ. ಮುಂಬಯಿಯಲ್ಲಿ ಮಲಾಡಿನ ನಮ್ಮ ಬಿಲ್ಡಿಂಗಿನಲ್ಲಿ ಮಹಡಿಗೆ ಒಂದೇ ನಳ್ಳಿ. ಮೊದಲು ಯಾರ ಕೊಡ, ಆಮೇಲೆ ಯಾರ ಬಾಲ್ದಿ ಎಂಬುದಕ್ಕೆ ಎಲ್ಲಿಯೂ ಬರೆಯದ ಕಾನೂನು ಇತ್ತು. ಪಕ್ಕದ ಮನೆಯ ಪದ್ಮಕ್ಕನ ಹಂಡೆ ತುಂಬುವವರೆಗೆ ಅವರು ಹೇಳಿದ ಸುದ್ದಿಯನ್ನು ನಾವು ಕೇಳಬೇಕು. ತುಂಬಿದ ಮೇಲೆ ನಮ್ಮ ಸುದ್ದಿ ಕೇಳಲು ಅವರು ನಿಲ್ಲುತ್ತಿರಲಿಲ್ಲ. ನಾನು ನೀರು ಹಿಡಿದು, ಸಿಗಡಿ ಒಲೆಗೆ ಇದ್ದಿಲು ತುಂಬಿ, ಬೀಸಣಿಗೆ ಬೀಸಿ ಕೆಂಡ ಮಾಡಿ ಗಂಜಿಗಿಟ್ಟೆ. ಇವರಿಗೆ ಗಂಜಿ ಮತ್ತು ಮಾವಿನಮಿಡಿ, ಮಗಳಿಗೆ ಹಾಲು, ಮಧ್ಯಾಹ್ನದ ಊಟ ಒಯ್ಯುವ ಡಬ್ಬಾದವನಿಗೆ ಒಪ್ಪಿಸಲು ಅನ್ನ, ಹುಳಿ, ಬೆಂಡೆಕಾಯಿ ಪಲ್ಯ. ಮಗಳ ಎರಡು ಜಡೆಗೆ ರಿಬ್ಬನ್ ಕಟ್ಟಿ, ಸ್ಕೂಲು ಬಿಟ್ಟ ಮೇಲೆ ಎಂದಿನಂತೆ ಪದ್ಮಕ್ಕನ ಮನೆಯಲ್ಲಿರು ಎಂದೆ. ಹಿಂದಿನ ದಿನವೇ ಗಂಜಿತಿಳಿ ಹಾಕಿ ಇಸ್ತ್ರಿ ಮಾಡಿಟ್ಟಿದ್ದ ಬಿಳಿ ವಾಯಿಲ್ ಸೀರೆ ಉಟ್ಟೆ. ಎಲ್ಲ ದಿನದಂತೆಯೇ. ಎರಡು ಕಾಫಿ ಲೋಟಗಳನ್ನು ತೊಳೆದು ಬೋರಲು ಹಾಕುವಾಗ ಮಾತ್ರ ಒಂದನ್ನು ಎರಡು ಸಲ ತೊಳೆದೆ ಎಂದು ಗೊತ್ತಾಯಿತು.

ಆ ದಿನ ಮಧ್ಯಾಹ್ನ ಫೋರ್ಟಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಒಬ್ಬ ದೊಡ್ಡ ಸಿನೆಮಾ ನಟನಿಗೆ ಜೈಲೋ, ಬರಿಯ ದಂಡವೋ ಎಂದು ತೀರ್ಮಾನವಾಗುವುದಿತ್ತು. ಅವರನ್ನು ಜೈಲಿನಿಂದ ಉಳಿಸಲು ಬರೆದ ಕಾಗದಗಳನ್ನೆಲ್ಲ ಬರೆದವಳು ನಾನು.

ಟೈಪಿಂಗ್ ಕ್ಲಾಸಿಗೆ ಹೋಗುತ್ತಿರುವ ನಮ್ಮ ಹೆಣ್ಣುಮಕ್ಕಳಿಗೆ ಕೆಲಸದ ಅನುಭವವನ್ನು ಬರೆದುಕೊಡಿ ಎಂದು ಕ್ಲಾಸು ನಡೆಸುವವರು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ನಾನು ಮೊದಲು ಗೃಹಿಣಿ, ಆಮೇಲೆ ಟೈಪಿಸ್ಟ್. ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದ ಹುಡುಗಿ ಮದುವೆಯಾಗಿ ಮುಂಬಯಿಗೆ ಬಂದಳು. ಒಬ್ಬರ ಸಂಬಳದಲ್ಲಿ ಮಲಾಡಿನ ಬಾಡಿಗೆಯೂ ಊರಿಗೆ ಕಳಿಸುವ ಮನಿಯಾರ್ಡರೂ ಹೊಂದದೆ ಶಾರ್ಟ್‌ಹ್ಯಾಂಡ್ ಕಲಿತಳು. ಫೋರ್ಟಿನಲ್ಲಿ ಒಬ್ಬ ಪಾರ್ಸಿ ವಕೀಲರ ಚೇಂಬರಿನಲ್ಲಿ ಕೆಲಸಕ್ಕೆ ಸೇರಿದಳು. ಅಷ್ಟೇ ಕಥೆ. ಸಂಬಳ ಯಾವ ವರ್ಷ ಎಷ್ಟು ಏರಿತು ಎಂಬುದರಿಂದ ನಿಮಗೆ ಏನೂ ಪ್ರಯೋಜನವಿಲ್ಲ. ತಪ್ಪಿದ್ದನ್ನು ಹೇಳಿದರೆ ಉಂಟು.

ನಮ್ಮ ವಕೀಲರು ಫ್ರಾಮ್ಜಿ ಸಾಹೇಬರು. ಬಿಳಿ ಡಕ್ ಬಟ್ಟೆಯ ಪ್ಯಾಂಟು, ಮಾತಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ. ಕೋಪ ಬಂದರೆ ಧ್ವನಿ ಇನ್ನೂ ಮೆತ್ತಗಾಗುತ್ತಿತ್ತು. ಸೇರಿದ ಮೊದಲ ವಾರವೇ ನಾನು ಕಾರ್ಬನ್ ಹಾಳೆಯನ್ನು ತಿರುವುಮುರುವಾಗಿ ಇಟ್ಟು ಹನ್ನೊಂದು ಪುಟ ಟೈಪ್ ಮಾಡಿದೆ. ನಕಲು ಬರಬೇಕಾದ ಹಾಳೆ ಖಾಲಿ. ಅಸಲಿನ ಬೆನ್ನ ಮೇಲೆ ಎಲ್ಲ ಅಕ್ಷರ ಕನ್ನಡಿಯಲ್ಲಿ ಕಂಡಂತೆ. ಸಾಹೇಬರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ಓದಿ, ಎದುರು ಪಕ್ಷದವರಿಗೆ ಇದನ್ನೇ ಕಳಿಸೋಣ, ಅವರು ಹೇಗೂ ಎಲ್ಲವನ್ನೂ ಉಲ್ಟಾ ಓದುವವರು ಎಂದರು. ಗುಮಾಸ್ತರಾದ ಬೆಳಗಾವಿಯ ದೇಸಾಯರು ನಗಲಿಲ್ಲ. ಹೊಸ ಹಾಳೆ ತಂದು, ಕಾರ್ಬನ್ನಿನ ಹೊಳೆಯುವ ಮೈ ಕೆಳಗಿರಬೇಕೆಂದು ತೋರಿಸಿ, "ತಂಗೀ, ಭಾಂಡೆ ತಿಕ್ಕೂದ್ರಾಗ ತಪ್ಪಾಗತೈತಿ, ಇದ್ರಾಗೂ ಆಗತೈತಿ. ಅಳಬ್ಯಾಡ" ಎಂದರು. ಅಲ್ಲಿದ್ದಷ್ಟು ವರ್ಷ ಅವರು ನನ್ನನ್ನು ತಂಗೀ ಎಂದೇ ಕರೆದರು.

ಕೆಲವು ತಿಂಗಳಲ್ಲಿ ಸಾಹೇಬರಿಗೆ ನನ್ನ ಒಂದು ಉಪಯೋಗ ಗೊತ್ತಾಯಿತು. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಕಾಗದ ಬರೆಯುವುದನ್ನು ಒಂದು ಪೂಜೆಯಂತೆ ಕಲಿಸಿದ್ದರು. ಎಡಗಡೆ ಒಂದೂವರೆ ಇಂಚು ಬಿಡಬೇಕು. ಮೊದಲ ಸಾಲಿನಲ್ಲಿ ಗೌರವ, ನಡುವೆ ಒಂದೇ ಒಂದು ವಿಷಯ, ಕೊನೆಯಲ್ಲಿ ಕೃತಜ್ಞತೆ. ನಮ್ಮ ಚೇಂಬರಿನಲ್ಲಿ ಇಂಥ ಕಾಗದಗಳ ಅಗತ್ಯ ಬಹಳ ಇತ್ತು. ಶ್ರೀಮಂತ ಕಕ್ಷಿಗಾರನ ಮೇಲೆ ಮೋಸವೋ ನಂಬಿಕೆದ್ರೋಹವೋ ಸಾಬೀತಾದರೆ, ಶಿಕ್ಷೆ ಹೇಳುವ ಮೊದಲು ಹತ್ತು ಹನ್ನೆರಡು ಗಣ್ಯರ ಕಾಗದಗಳನ್ನು ಕೋರ್ಟಿಗೆ ಕೊಡುವುದು ರೂಢಿ. ಈತ ಧರ್ಮಿಷ್ಠ, ಈತ ಶಾಲೆಗೆ ಬಾವಿ ತೋಡಿಸಿದ, ಈತನನ್ನು ಜೈಲಿಗೆ ಕಳಿಸಿದರೆ ಇಷ್ಟು ಕುಟುಂಬಗಳಿಗೆ ತೊಂದರೆ. ಗಣ್ಯರಿಗೆ ಬರೆಯಲು ಪುರುಸೊತ್ತು ಇರುವುದಿಲ್ಲ. ನಾನು ಬರೆಯುತ್ತಿದ್ದೆ, ದೇಸಾಯರು ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿದ್ದರು. ಓದದೆ ಸಹಿ ಹಾಕಿದವರೇ ಹೆಚ್ಚು.

ಆಗ ನನಗೆ ಇದರಲ್ಲಿ ಏನೂ ತಪ್ಪು ಕಾಣಿಸಲಿಲ್ಲ. ಒಬ್ಬ ಮನುಷ್ಯನ ಕಷ್ಟದಲ್ಲಿ ನಾಲ್ಕು ಒಳ್ಳೆಯ ಮಾತು ಬರೆಯುವುದು ದಯೆಯ ಕೆಲಸವೆಂದೇ ತಿಳಿದಿದ್ದೆ.

ಒಮ್ಮೆ ಪರೇಲಿನ ಗಿರಣಿಯ ಒಬ್ಬ ನೇಕಾರನ ಕೇಸು ಬಂತು. ಹೆಂಡತಿಯ ಬಾಣಂತನಕ್ಕೆಂದು ಗಿರಣಿಯ ಬಟ್ಟೆಯನ್ನು ಹೊಟ್ಟೆಗೆ ಸುತ್ತಿಕೊಂಡು ಗೇಟಿನಲ್ಲಿ ಸಿಕ್ಕಿಬಿದ್ದವನು. ನಮ್ಮ ಸಾಹೇಬರು ಒಳ್ಳೆಯವರು, ಫೀಸು ತೆಗೆದುಕೊಳ್ಳದೆ ನಿಂತರು. ಆದರೂ ಅವನಿಗೆ ನಾಲ್ಕು ತಿಂಗಳು ಸಶ್ರಮ ಸಜೆಯಾಯಿತು. ಅವನಿಗೂ ಒಂದು ಕಾಗದ ಬರೆಯಲೇ ಎಂದು ನಾನು ಮೊದಲೇ ಕೇಳಿದ್ದೆ. ಬರೆಯಬಹುದು, ಸಹಿ ಯಾರು ಹಾಕುತ್ತಾರೆ ಎಂದು ಸಾಹೇಬರು ಕೇಳಿದರು. ವ್ಯಂಗ್ಯವಲ್ಲ, ನಿಜವಾಗಿಯೇ ಕೇಳಿದ್ದು. ಅವನನ್ನು ಬಲ್ಲವರೆಂದರೆ ಚಾಳಿನ ನೆರೆಯವರು. ಅವರ ಹೆಸರಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಆ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿಯಿತು, ಆದರೆ ಮರುದಿನ ಬೇರೆ ಫೈಲು ಬಂತು. ಕೆಲಸ ಎಂದರೆ ಹಾಗೆಯೇ.

ಈಗ ನಟನ ವಿಷಯ. ಅವರ ಹೆಸರನ್ನು ಬರೆಯುವುದಿಲ್ಲ, ಮಕ್ಕಳು ಮೊಮ್ಮಕ್ಕಳು ಇದ್ದಾರೆ. ನಾವು ಚೇಂಬರಿನಲ್ಲಿ ಹೀರೋ ಎನ್ನುತ್ತಿದ್ದೆವು. ಪರೇಲಿನ ಒಂದು ಆಸ್ಪತ್ರೆಗೆ ಕ್ಷಯರೋಗಿಗಳ ಹೊಸ ವಾರ್ಡ್ ಕಟ್ಟಿಸಿಕೊಡುತ್ತೇನೆಂದು ಅವರು ಒಂದು ನಿಧಿ ತೆರೆದರು. ದೊಡ್ಡ ಮೈದಾನದಲ್ಲಿ ತಾರೆಯರ ಕಾರ್ಯಕ್ರಮ ಮಾಡಿದರು, ಊರಿಡೀ ವಂತಿಗೆ ಎತ್ತಿಸಿದರು. ವಾರ್ಡ್ ಏಳಲಿಲ್ಲ. ಹಣವೆಲ್ಲ ಅವರ ಅರ್ಧಕ್ಕೆ ನಿಂತಿದ್ದ ಪಿಕ್ಚರನ್ನು ಮುಗಿಸಲು ಹೋಗಿತ್ತು.

ನಮ್ಮ ಕರಾವಳಿಯ ಹೋಟೆಲಿನವರು ಈ ನಿಧಿಗೆ ಕೊಟ್ಟಷ್ಟು ಮನಸ್ಸಿನಿಂದ ಬೇರೆ ಯಾರೂ ಕೊಟ್ಟಿರಲಾರರು. ಅಡುಗೆಮನೆಯ ಹೊಗೆಯಲ್ಲಿ ದಿನವಿಡೀ ಇದ್ದು, ಹೋಟೆಲು ಮುಚ್ಚಿದ ಮೇಲೆ ಅದೇ ಮೇಜುಗಳ ಮೇಲೆ ಸಾಲಾಗಿ ಮಲಗುವವರಿಗೆ ಕ್ಷಯ ಎಂದರೆ ಏನೆಂದು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಚೇಂಬರಿನ ಕೆಳಗಿನ ಗಲ್ಲಿಯಲ್ಲಿ ಒಂದು ಉಡುಪಿ ಹೋಟೆಲು ಇತ್ತು. ಅಲ್ಲಿಯ ಮುಖ್ಯ ಅಡುಗೆಯವರು ಮಂಜಯ್ಯ. ಐವತ್ತರ ಹತ್ತಿರದವರು, ಬಲಗೈಯ ಹೆಬ್ಬೆರಳಿನಲ್ಲಿ ದೋಸೆ ಸೌಟಿನ ಹಳೆಯ ಗಂಟು. ಫೋರ್ಟಿನ ಏಳೆಂಟು ಹೋಟೆಲುಗಳ ಕೆಲಸದವರಿಂದ ತಲಾ ಒಂದು ದಿನದ ಕೂಲಿ ಎತ್ತಿ ಹೀರೋನ ಮ್ಯಾನೇಜರನಿಗೆ ಒಪ್ಪಿಸಿದವರು ಅವರೇ. ಕೇಸಿನಲ್ಲಿ ಸರಕಾರದ ಕಡೆ ಸಾಕ್ಷಿಯನ್ನೂ ಹೇಳಿದ್ದರು.

ಹೀರೋ ಚೇಂಬರಿಗೆ ನಾಲ್ಕು ಸಲ ಬಂದಿದ್ದರು. ಕೆಟ್ಟ ಮನುಷ್ಯ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ನಾನು ಒಳಗೆ ಹೋದಾಗ ಎದ್ದು ನಿಲ್ಲುತ್ತಿದ್ದರು. ಎರಡನೇ ಸಲ ಬಂದಾಗ ನನ್ನ ಹೆಸರು ನೆನಪಿಟ್ಟುಕೊಂಡಿದ್ದರು. ಶರ್ಟಿನ ಕಾಲರ್ ಒಳಗಡೆ ಬೆವರಿನಿಂದ ಹಳದಿಯಾಗಿತ್ತು. ಅದನ್ನು ನೋಡಿ ನನಗೆ ಪಾಪ ಎನಿಸಿತು. ಹಣವನ್ನು ಆಮೇಲೆ ತಿರುಗಿ ಇಡುವುದೇ ಮನಸ್ಸಿನಲ್ಲಿತ್ತು ಎಂದು ಅವರು ಹೇಳಿದ್ದು ನಿಜವೇ ಇರಬಹುದು.

ಕೋರ್ಟು ಅವರನ್ನು ತಪ್ಪಿತಸ್ಥರೆಂದು ಹೇಳಿ, ಶಿಕ್ಷೆಯನ್ನು ಹೇಳಲು ಒಂದು ವಾರ ಮುಂದೆ ಹಾಕಿತು. ಆ ವಾರದಲ್ಲಿ ನಾನು ಹನ್ನೊಂದು ಕಾಗದ ಬರೆದೆ. ಒಬ್ಬ ಡಾಕ್ಟರರದು, ಒಬ್ಬ ಕಾಲೇಜಿನ ಪ್ರಿನ್ಸಿಪಾಲರದು, ದೇವಸ್ಥಾನದ ಟ್ರಸ್ಟಿಯದು, ಹೀಗೆ. ಎಲ್ಲ ಓದಿದ ಮೇಲೆ ಸಾಹೇಬರು ಗಂಟಲು ಸರಿಮಾಡಿಕೊಂಡು, ಇನ್ನೊಂದು ಬೇಕು ಎಂದರು. ಹಣ ಕೊಟ್ಟ ಬಡವರ ಕಡೆಯಿಂದ ಒಂದು. ಅದೊಂದು ಈ ಹನ್ನೊಂದಕ್ಕೆ ಸಮ. ಕೆಳಗಿನ ಹೋಟೆಲಿನ ಅಡುಗೆಯವರು ನಿಮ್ಮ ಕಡೆಯವರಲ್ಲವೇ, ನಿಮ್ಮ ಭಾಷೆಯಲ್ಲಿ ಹೇಳಿ ಸಹಿ ಹಾಕಿಸಿಕೊಂಡು ಬನ್ನಿ ಎಂದರು.

ನಾನು ಇಂಗ್ಲಿಷಿನಲ್ಲಿ ಬರೆದ ಕಾಗದದಲ್ಲಿ ಎರಡು ಪ್ಯಾರಾ. ಮೊದಲನೆಯದರಲ್ಲಿ, ನಮಗೆ ಈ ಮಹನೀಯರ ಮೇಲೆ ಸಿಟ್ಟಿಲ್ಲ, ಅವರಿಗೆ ದೇವರು ಒಳ್ಳೆಯ ಬುದ್ಧಿ ಕೊಡಲಿ ಎಂದು. ಎರಡನೆಯದರಲ್ಲಿ, ಇವರನ್ನು ಜೈಲಿಗೆ ಕಳಿಸುವುದು ನಮಗೆ ಇಷ್ಟವಿಲ್ಲ, ದಂಡ ಸಾಕೆಂದು ನಾವು ಕೋರ್ಟನ್ನು ಬೇಡುತ್ತೇವೆ ಎಂದು.

ಮಧ್ಯಾಹ್ನದ ಊಟದ ಗಲಾಟೆಯ ಹೊತ್ತು. ಮಂಜಯ್ಯ ಪಂಚೆಗೆ ಕೈ ಒರೆಸಿಕೊಳ್ಳುತ್ತಾ ಫ್ಯಾಮಿಲಿ ರೂಮಿನ ಬಾಗಿಲಿಗೆ ಬಂದರು. ನಾನು ತುಳುವಿನಲ್ಲಿ ಮೊದಲ ಪ್ಯಾರಾ ಹೇಳಿದೆ. ಸಿಟ್ಟು ಇಟ್ಟುಕೊಂಡು ಮಾಡುವುದೆಂತ ಅಮ್ಮ, ಅವರು ಮಾಡಿದ್ದು ಅವರಿಗೆ ಎಂದು ಅವರು ಪೆನ್ನು ತೆಗೆದುಕೊಂಡರು. ಎರಡನೆಯ ಪ್ಯಾರಾ ನಾನು ಹೇಳಲಿಲ್ಲ. ಒಳಗಿನಿಂದ ಯಾರೋ ಅವರನ್ನು ಕೂಗಿದರು, ಅವರಿಗೆ ಅವಸರವಿತ್ತು ಎಂದೆಲ್ಲ ಆಮೇಲೆ ನನಗೇ ಹೇಳಿಕೊಂಡೆ. ಅದು ನಿಜವಲ್ಲ. ಹೇಳಿದರೆ ಅವರು ಪ್ರಶ್ನೆ ಕೇಳುತ್ತಾರೆ, ನಾನು ಉತ್ತರ ಹೇಳಬೇಕಾಗುತ್ತದೆ ಎಂದು ನನ್ನ ನಾಲಿಗೆ ಆ ಕಡೆ ಹೋಗಲಿಲ್ಲ. ಅಮ್ಮ ತಂದ ಕಾಗದ ಎಂದು ಅವರು ಕನ್ನಡದಲ್ಲಿ ದುಂಡಗೆ ಹೆಸರು ಬರೆದರು. ಕಾಗದದ ಮೂಲೆಗೆ ತೆಂಗಿನೆಣ್ಣೆಯ ಕಲೆ ತಾಗಿತು. ಹೊಸ ಹಾಳೆಯಲ್ಲಿ ಟೈಪ್ ಮಾಡಿ ಇನ್ನೊಮ್ಮೆ ಸಹಿ ಹಾಕಿಸಿ ತರಲೇ ಎಂದು ಕೇಳಿದ್ದಕ್ಕೆ, ಆ ಕಲೆಯೇ ಇರಲಿ ಎಂದು ಸಾಹೇಬರು ಸಂತೋಷಪಟ್ಟರು.

ಎರಡು ದಿನ ಬಿಟ್ಟು ಕೋರ್ಟಿನ ಕೆಲಸ ತಡವಾಗಿ, ಮೂರು ಗಂಟೆಯ ಮೇಲೆ ಊಟಕ್ಕೆ ಆ ಹೋಟೆಲಿಗೆ ಹೋದೆ. ಅದು ಹೋಟೆಲಿನವರೇ ಊಟ ಮಾಡುವ ಹೊತ್ತು. ಫ್ಯಾಮಿಲಿ ರೂಮಿನ ಪರದೆಯ ಸಂದಿನಿಂದ ಅಡುಗೆಮನೆ ಕಾಣುತ್ತಿತ್ತು. ಹನ್ನೆರಡು ಜನ ಸಾಲಾಗಿ ಎಲೆ ಹಾಕಿಕೊಂಡು, ಒಬ್ಬರನ್ನೊಬ್ಬರು ತಮಾಷೆ ಮಾಡುತ್ತಾ ಉಣ್ಣುತ್ತಿದ್ದರು. ಎಲ್ಲರಿಗೂ ಬೇಯಿಸಿದ ಮಂಜಯ್ಯ ಆಚೆ ಅರೆಯುವ ಕಲ್ಲಿನ ಹತ್ತಿರ, ಗೋಡೆಗೆ ಮುಖ ಮಾಡಿ, ಒಬ್ಬರೇ ಕುಳಿತಿದ್ದರು. ಅವರು ಮಜ್ಜಿಗೆ ಕೇಳಲಿಲ್ಲ, ಯಾರೂ ಬಡಿಸಲೂ ಇಲ್ಲ. ಎದ್ದು ತಾವೇ ಬಡಿಸಿಕೊಂಡರು.

ಬಿಲ್ಲು ಕೊಟ್ಟು ಹೊರಡುವಾಗ ಮಂಜಯ್ಯನವರನ್ನು ಕರೆದು, ಮೈ ಸರಿಯಿಲ್ಲವೇ ಎಂದು ಕೇಳಿದೆ. ಮೈ ಸರಿ ಉಂಟು ಎಂದರು. ಆಮೇಲೆ ತಾವೇ ಹೇಳಿದರು. ಅಷ್ಟು ದೊಡ್ಡ ಮನುಷ್ಯನಿಗೆ ನಮ್ಮ ಕೂಲಿಯ ಹಣ ಬೇಕಾ, ಮಂಜಯ್ಯನೇ ತಿಂದು ಅವರ ಹೆಸರು ಹೇಳಿದ್ದಾನೆ ಎಂದು ಈ ಹನ್ನೆರಡು ಜನವೂ, ಬೇರೆ ಹೋಟೆಲುಗಳವರೂ ನಂಬಿದ್ದಾರಂತೆ. ಕೋರ್ಟಿನಲ್ಲಿ ತಪ್ಪಿತಸ್ಥ ಎಂದು ಹೇಳಿದ್ದನ್ನು ಇವರು ತಿಳಿಸಿದರೆ, ಹಾಗಾದರೆ ಅವರು ಕಾರಿನಲ್ಲಿ ಯಾಕೆ ತಿರುಗುತ್ತಿದ್ದಾರೆ ಎಂದು ಕೇಳುತ್ತಾರಂತೆ. "ಶಿಕ್ಷೆ ಆಗುವ ದಿನ ಬರಲಿ, ಆವಾಗ ಗೊತ್ತಾಗ್ತದೆ ಅಂತ ಹೇಳಿದ್ದೇನೆ ಅಮ್ಮ. ಇನ್ನೆಷ್ಟು, ಎರಡು ದಿನ" ಎಂದರು.

ಇದನ್ನು ನಾನು ಮೊದಲೇ ಊಹಿಸಬೇಕಿತ್ತು. ಪದ್ಮಕ್ಕನ ಗಂಡ ಫೋರ್ಟಿನ ಬಟ್ಟೆ ಅಂಗಡಿಯಲ್ಲಿದ್ದವರು, ಮಧ್ಯಾಹ್ನದ ಊಟಕ್ಕೆ ಅದೇ ಹೋಟೆಲಿಗೆ ಹೋಗುವವರು. ನಳ್ಳಿಯ ಹತ್ತಿರ ಪದ್ಮಕ್ಕ ಎಷ್ಟೋ ಸಲ ಹೇಳಿದ್ದರು: ಪಾಪ ಆ ಹೀರೋನನ್ನು ಸುಮ್ಮನೆ ಸಿಕ್ಕಿಸಿದರು, ತಿಂದವನು ಹೋಟೆಲಿನ ಅಡುಗೆಯವನು. ಕೆಲಸದ ಮಾತನ್ನು ಮನೆಯ ಹತ್ತಿರ ಆಡಬಾರದೆಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ಕೊಡ ತುಂಬಿಸಿಕೊಂಡು ಒಳಗೆ ಬರುತ್ತಿದ್ದೆ.

ಚೇಂಬರಿಗೆ ಹೋಗಿ ಸಾಹೇಬರನ್ನು ಕೇಳಿದೆ, ಆ ಒಂದು ಕಾಗದವನ್ನು ಕೊಡದಿದ್ದರೆ ಆಗುವುದಿಲ್ಲವೇ ಎಂದು. ಅವರು ಪೆನ್ನು ಕೆಳಗಿಟ್ಟು ಸಮಾಧಾನದಿಂದ ವಿವರಿಸಿದರು. ಇವನು ಯಾರನ್ನೂ ಚುಚ್ಚಿದವನಲ್ಲ, ಬೀದಿಯಲ್ಲಿ ಬಿಟ್ಟರೆ ಯಾರಿಗೂ ಅಪಾಯವಿಲ್ಲ. ಇವನ ಸ್ಟುಡಿಯೋದಲ್ಲಿ ಎಷ್ಟೊಂದು ಜನ ಅನ್ನ ಉಣ್ಣುತ್ತಾರೆ. ಹೆಸರು ಹೋಯಿತು, ಅಂಥವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಜೈಲು ಇರುವುದು ಬೇರೆ ಬಗೆಯವರಿಗೆ.

ಆಗ ನನಗೆ ಗಿರಣಿಯ ನೇಕಾರ ನೆನಪಾದ. ಅವನೂ ಯಾರನ್ನೂ ಚುಚ್ಚಿರಲಿಲ್ಲ. ಹೆಸರು ಹೋಗುವುದೇ ಶಿಕ್ಷೆಯಾದರೆ ಮಂಜಯ್ಯ ಆ ಶಿಕ್ಷೆಯನ್ನು ಏನೂ ಮಾಡದೆ ಅರೆಯುವ ಕಲ್ಲಿನ ಹತ್ತಿರ ಕುಳಿತು ಅನುಭವಿಸುತ್ತಿದ್ದಾರೆ. ಇದನ್ನೆಲ್ಲ ನಾನು ಸಾಹೇಬರಿಗೆ ಹೇಳಲಿಲ್ಲ. ಅವರ ಎದುರು ನನಗೆ ಅಷ್ಟು ಉದ್ದ ಮಾತು ಬರುತ್ತಿರಲಿಲ್ಲ. ಆದರೆ ಅಂದು ನನ್ನ ಅಭಿಪ್ರಾಯ ಗಟ್ಟಿಯಾಯಿತು. ಹಣವುಳ್ಳವರು, ಹೆಸರುಳ್ಳವರು ಪೆನ್ನಿನಿಂದ ಮಾಡಿದ ಕಳ್ಳತನಕ್ಕೆ ಜೈಲು ಬೇಕೇ ಎಂದು ನೀವು ಕೇಳಿದರೆ, ಬೇಕು ಎಂದೇ ಹೇಳುತ್ತೇನೆ. ಅವರನ್ನು ನೋಯಿಸಲಿಕ್ಕಲ್ಲ. ಅವರಿಗೆ ಜೈಲಾಗದಿದ್ದರೆ ಅವರ ಪರವಾಗಿ ಕೈನೀಡಿ ನಿಂತ ಯಾರೋ ಒಬ್ಬರು ಜೈಲಿಲ್ಲದೆಯೇ ಕಳ್ಳರಾಗಿ ಉಳಿಯುತ್ತಾರೆ.

ಶಿಕ್ಷೆ ಹೇಳುವ ಆ ದಿನ ಬೆಳಿಗ್ಗೆ ಚರ್ಚ್‌ಗೇಟಿನಲ್ಲಿ ಇಳಿದು ಮೊದಲು ಹೋಟೆಲಿಗೆ ಹೋದೆ. ಕಾಗದದ ಕಾರ್ಬನ್ ಪ್ರತಿ ನನ್ನ ಬ್ಯಾಗಿನಲ್ಲಿತ್ತು. ಕಾಫಿ ಹೇಳಿ, ಮಂಜಯ್ಯನವರನ್ನು ಕರೆದು ಕುಳಿತುಕೊಳ್ಳಲು ಹೇಳಿದೆ. ಹೋಟೆಲಿನ ಕುರ್ಚಿಯಲ್ಲಿ ಅವರು ಅದುವರೆಗೆ ಕುಳಿತಿರಲಿಲ್ಲವೇನೋ, ತುದಿಯಲ್ಲಿ ಕುಳಿತರು. ಎರಡೂ ಪ್ಯಾರಾವನ್ನು ಸಾಲುಸಾಲಾಗಿ ತುಳುವಿನಲ್ಲಿ ಹೇಳಿದೆ. ಕೆಳಗಿನದನ್ನು ಅಂದು ಹೇಳಿರಲಿಲ್ಲ, ಅದು ನನ್ನ ತಪ್ಪು ಎಂದೂ ಹೇಳಿದೆ.

ಅವರು ಕಾಗದವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ದಂಡ ಕಟ್ಟಿ ಬಿಡುತ್ತಾರೆಂದು ನಾನೇ ಬರೆದುಕೊಟ್ಟ ಹಾಗಾಯಿತಲ್ಲ ಎಂದು ನನ್ನ ಮುಖ ನೋಡಿ ಕೇಳಿದರು. ಹೌದು ಎಂದೆ. ಕೋಪದ ಒಂದು ಮಾತು ಆಡಿದ್ದರೆ ಸುಲಭವಾಗುತ್ತಿತ್ತು. ಕೋರ್ಟು ಎಷ್ಟು ಗಂಟೆಗೆ ಎಂದು ಮಾತ್ರ ಕೇಳಿದರು. ಹೇಳಿದೆ. ನನ್ನ ಕಾಫಿ ಆರಿದೆ, ಬೇರೆ ತರುತ್ತೇನೆ ಎಂದು ಎದ್ದು ಒಳಗೆ ಹೋದರು.

ಇಲ್ಲಿ ಒಂದು ಮಾತು. ಚೇಂಬರಿನ ಗುಟ್ಟನ್ನು ಹೊರಗೆ ಹೇಳಬಾರದು, ಅದು ನಮ್ಮ ವೃತ್ತಿಯ ಮೊದಲ ಪಾಠ. ನಾನು ಗುಟ್ಟು ಹೇಳಲಿಲ್ಲ. ತಾನು ಸಹಿ ಹಾಕಿದ್ದು ಏನೆಂದು ತಿಳಿಯುವುದು ಸಹಿ ಹಾಕಿದವನ ಹಕ್ಕು. ಇದನ್ನು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ.

ಕೋರ್ಟಿನ ಹಾಲ್ ತುಂಬಿತ್ತು. ನಮ್ಮ ಮೇಜಿನ ಕೊನೆಯಲ್ಲಿ ನಾನು ಶಾರ್ಟ್‌ಹ್ಯಾಂಡಿನ ಪುಸ್ತಕ ಹಿಡಿದು ಕುಳಿತೆ. ಸಾಹೇಬರು ಚೆನ್ನಾಗಿ ಮಾತಾಡಿದರು. ಹನ್ನೊಂದು ಕಾಗದಗಳನ್ನು ಒಂದೊಂದಾಗಿ ಒಪ್ಪಿಸಿ, ಕೊನೆಗೆ ಎಣ್ಣೆಕಲೆಯದನ್ನು ತಾವೇ ಓದಿದರು. ನಾನು ಬರೆದ ವಾಕ್ಯಗಳು ಆ ದೊಡ್ಡ ಹಾಲಿನಲ್ಲಿ ಬಹಳ ಚಂದ ಕೇಳಿಸಿದವು. ಮ್ಯಾಜಿಸ್ಟ್ರೇಟರು ಕನ್ನಡಕವನ್ನು ಹಣೆಗೆ ಏರಿಸಿ ಓದುವವರು. ಕಾಗದವನ್ನು ಕೈಗೆ ತೆಗೆದುಕೊಂಡು, ಈ ಸಾಕ್ಷಿ ಇಲ್ಲಿ ಇದ್ದಾರೆಯೇ ಎಂದು ಕೇಳಿದರು.

ಹಿಂದಿನ ಬೆಂಚಿನಿಂದ ಮಂಜಯ್ಯ ಎದ್ದರು. ಬಿಳಿ ಪಂಚೆ, ಗುಂಡಿ ಮೇಲಿನವರೆಗೆ ಹಾಕಿದ ಶರ್ಟು. ಮುಂದೆ ಕರೆದು, ಇದು ನಿಮ್ಮ ಸಹಿಯೇ, ಇದು ನಿಮ್ಮ ಬೇಡಿಕೆಯೇ ಎಂದು ದುಭಾಷಿಯ ಮೂಲಕ ಕೇಳಿಸಿದರು. ಅವರು ಕನ್ನಡದಲ್ಲಿ ಉತ್ತರ ಹೇಳಿದರು.

"ಸಹಿ ನನ್ನದೇ. ಸಿಟ್ಟಿಲ್ಲ ಅಂತ ಬರೆದದ್ದು ಸಹ ಸರಿ. ಕೆಳಗೆ ಬರೆದದ್ದು ನನಗೆ ಗೊತ್ತಾದದ್ದು ಇವತ್ತು ಬೆಳಿಗ್ಗೆ. ಅದು ನನ್ನ ಮಾತಲ್ಲ ಸ್ವಾಮೀ."

ಹಾಲಿನಲ್ಲಿ ಗುಜುಗುಜು ಎದ್ದಿತು. ನಿಮ್ಮ ಮಾತು ಯಾವುದು ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

"ಶಿಕ್ಷೆ ಹೇಳುವುದು ನಿಮ್ಮ ಕೆಲಸ, ನಾನು ಹೇಳುವವನಲ್ಲ. ಅಷ್ಟು ದೊಡ್ಡ ಮನುಷ್ಯ ನಮ್ಮ ಕೂಲಿ ತಿನ್ನುತ್ತಾನಾ, ನೀನೇ ತಿಂದದ್ದು ಅಂತ ನಮ್ಮವರು ಹೇಳ್ತಾರೆ. ಇವರು ದಂಡ ಕಟ್ಟಿ ಕಾರು ಹತ್ತಿದರೆ ನಾಳೆಯೂ ಅದೇ ಹೇಳ್ತಾರೆ. ಜೈಲಿಗೆ ಹೋದವ ಕಳ್ಳ, ಹೋಗದವ ಅಲ್ಲ, ಅಷ್ಟು ಅವರಿಗೆ ತಿಳೀತದೆ. ಬೇರೆ ಕಾಗದ ಅವರಿಗೆ ಓದಲಿಕ್ಕೆ ಬರುವುದಿಲ್ಲ."

ದುಭಾಷಿ ಇದನ್ನು ಇಂಗ್ಲಿಷಿಗೆ ಮಾಡಿ ಹೇಳುವಾಗ ನಾನು ಬರೆದುಕೊಳ್ಳುತ್ತಿದ್ದೆ, ಪೆನ್ಸಿಲ್ಲಿನ ಮೊನೆ ಮುರಿದು ಇನ್ನೊಂದನ್ನು ತೆಗೆದುಕೊಂಡೆ. ಮ್ಯಾಜಿಸ್ಟ್ರೇಟರು ಕಾಗದವನ್ನು ಎತ್ತಿ, ಈ ಸಹಿಯನ್ನು ಹಾಕಿಸಿಕೊಂಡವರು ಯಾರು ಎಂದರು. ಮಂಜಯ್ಯ ನನ್ನ ಕಡೆ ನೋಡಲಿಲ್ಲ. ಸಾಹೇಬರು ಎದ್ದು ಏನೋ ಹೇಳಲು ಗಂಟಲು ಸರಿಮಾಡಿಕೊಂಡರು. ಅವರಿಗಿಂತ ಮೊದಲು ನಾನು ಎದ್ದು ನಿಂತೆ. ಕಾನ್ವೆಂಟಿನಲ್ಲಿ ಹೆಸರು ಕರೆದಾಗ ನಿಲ್ಲುತ್ತಿದ್ದಂತೆ ಕೈ ಹಿಂದೆ ಕಟ್ಟಿಕೊಂಡಿದ್ದೆ.

"ನಾನು" ಎಂದೆ.

"ಇವರಿಗೆ ಓದಿ ಹೇಳಿದ್ದಿರಾ?"

"ಅರ್ಧ."

"ಉಳಿದ ಅರ್ಧ?"

"ಇವತ್ತು ಬೆಳಿಗ್ಗೆ."

ಯಾರೋ ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ. ಕುಳಿತುಕೊಳ್ಳಿ ಎಂದರು. ಆಮೇಲೆ ಅವರು ಹನ್ನೆರಡೂ ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿ ಪಕ್ಕಕ್ಕೆ ಸರಿಸಿದರು. ಅವರು ಹೇಳಿದ್ದು ನನ್ನ ಶಾರ್ಟ್‌ಹ್ಯಾಂಡ್ ಪುಸ್ತಕದಲ್ಲಿ ಇತ್ತು, ಬಾಯಿಪಾಠವಾಗಿ ಉಳಿದಿದೆ. ಬೇರೆಯವರು ಟ್ರಾಮಿನ ಟಿಕೇಟು ಕೊಳ್ಳುವಷ್ಟು ಸುಲಭವಾಗಿ ಈ ಆರೋಪಿ ದಂಡ ಕಟ್ಟಬಲ್ಲ, ಆದ್ದರಿಂದ ದಂಡ ಇವನಿಗೆ ಶಿಕ್ಷೆಯಾಗಲಾರದು ಎಂದರು. ಒಂದು ವರ್ಷ ಜೈಲು.

ಹೀರೋ ಎದ್ದು ನಿಂತು ಕೈಗಡಿಯಾರ ಬಿಚ್ಚಿ ಮ್ಯಾನೇಜರನ ಕೈಗೆ ಕೊಟ್ಟರು. ಮಣಿಕಟ್ಟಿನಲ್ಲಿ ಬೆಳ್ಳಗೆ ಒಂದು ಪಟ್ಟಿ ಉಳಿದಿತ್ತು. ಪೊಲೀಸಿನವರ ಜೊತೆ ನಮ್ಮ ಮೇಜನ್ನು ದಾಟುವಾಗ ನನ್ನ ಹತ್ತಿರ ಒಂದು ಕ್ಷಣ ನಿಂತರು. ನಿಮ್ಮ ಕಾಗದಗಳು ಬಹಳ ಚೆನ್ನಾಗಿದ್ದವು ಎಂದರು, ನಿಜವಾದ ಸೌಜನ್ಯದಿಂದ. ನನಗೆ ಕಣ್ಣು ತುಂಬಿತು. ಮರುಕವಾದ ಮಾತ್ರಕ್ಕೆ ತೀರ್ಪು ತಪ್ಪು ಎಂದು ಅನಿಸಲಿಲ್ಲ. ಎರಡೂ ಒಂದೇ ಎದೆಯಲ್ಲಿ ಇರಬಹುದು, ಅದರಿಂದ ನೀವು ಗಾಬರಿಯಾಗಬೇಡಿ. ಅಪೀಲಿನಲ್ಲಿ ಒಂದು ವರ್ಷ ಆರು ತಿಂಗಳಿಗೆ ಇಳಿಯಿತು. ಅವರು ಅಷ್ಟನ್ನೂ ಕಳೆದು ಬಂದು ಮುಂದೆ ತಂದೆಯ ಪಾತ್ರಗಳನ್ನು ಮಾಡಿದರು, ಮೊದಲಿಗಿಂತ ಚೆನ್ನಾಗಿಯೇ ಮಾಡಿದರು.

ಚೇಂಬರಿಗೆ ಬರುವಾಗ ಸಾಹೇಬರು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದರು. ನಾನು ಮನಸ್ಸಿನಲ್ಲೇ ರಾಜೀನಾಮೆಯ ಕಾಗದ ಬರೆಯುತ್ತಿದ್ದೆ: ಮೊದಲ ಸಾಲಿನಲ್ಲಿ ಗೌರವ, ನಡುವೆ ಒಂದೇ ವಿಷಯ. ಕುರ್ಚಿಯಲ್ಲಿ ಕುಳಿತ ಮೇಲೆ ಅವರು ಬಹಳ ಮೆತ್ತಗಿನ ಧ್ವನಿಯಲ್ಲಿ, ನೀವು ನನ್ನ ಕೇಸನ್ನು ಸೋಲಿಸಿದಿರಿ ಎಂದರು. ಹೌದು ಸರ್ ಎಂದೆ. ಮ್ಯಾಜಿಸ್ಟ್ರೇಟರು ಹೇಳಿದ್ದನ್ನಾದರೂ ಪೂರ್ತಿ ಬರೆದುಕೊಂಡಿದ್ದೀರಾ ಎಂದು ಕೇಳಿದರು. ಪೂರ್ತಿ ಎಂದೆ. ಎರಡು ಪ್ರತಿ ಟೈಪ್ ಮಾಡಿ, ಅಪೀಲಿಗೆ ಬೇಕಾಗುತ್ತದೆ ಎಂದು ಫೈಲು ತೆರೆದರು. ಬಾಗಿಲ ಹತ್ತಿರ ಹೋದಾಗ ಮತ್ತೆ ಕರೆದು, ಇನ್ನು ಮುಂದೆ ಸಹಿಗೆ ಹೋಗುವವರು ಯಾರೇ ಇರಲಿ, ಕಾಗದವನ್ನು ಪೂರ್ತಿ ಓದಿ ಹೇಳಿದ್ದೇವೆ ಎಂದು ಕೆಳಗೆ ಒಂದು ಸಾಲು ಬರೆದು ಓದಿದವರೂ ಸಹಿ ಹಾಕಬೇಕು ಎಂದರು. ನಮ್ಮ ಚೇಂಬರಿನ ಪದ್ಧತಿ ಅಂದಿನಿಂದ ಬದಲಾಯಿತು. ನೀವು ಎಲ್ಲಿ ಕೆಲಸಕ್ಕೆ ಸೇರಿದರೂ, ಅಲ್ಲಿ ಆ ಸಾಲು ಇಲ್ಲದಿದ್ದರೆ ನೀವೇ ಸೇರಿಸಿ.

ದೇಸಾಯರು ಇದನ್ನೆಲ್ಲ ತಮ್ಮ ಮೂಲೆಯಿಂದ ಕೇಳಿಸಿಕೊಂಡಿದ್ದರು. "ತಂಗೀ, ಇನ್ನ ಆ ಟ್ರಸ್ಟಿಗೂ ಪ್ರಿನ್ಸಿಪಾಲಗೂ ನಾ ಕೂತು ಪೂರಾ ಓದಿ ಹೇಳಬೇಕು. ಮುಂಜಾನಿಂದ ಸಂಜೀತನಕ ಒಂದ ಸಹಿ. ನನ್ನ ಕಾಲ ಮುರದಿ ನೋಡು" ಎಂದರು. ಆದರೆ ಕಾರ್ಬನ್ ಜೋಡಿಸಿದ ಹಾಳೆಗಳನ್ನು ಅವರೇ ತಂದು ನನ್ನ ಮೆಷಿನ್ನಿನ ಹತ್ತಿರ ಇಟ್ಟರು, ಹೊಳೆಯುವ ಮೈ ಕೆಳಗೆ ಮಾಡಿ.

ಮಲಾಡಿನಲ್ಲಿ ಇಳಿದಾಗ ದೀಪ ಹಚ್ಚುವ ಹೊತ್ತು. ಮಗಳನ್ನು ಕರೆದುಕೊಳ್ಳಲು ನೇರವಾಗಿ ಪದ್ಮಕ್ಕನ ಮನೆಗೆ ಹೋದೆ. ಮಗಳು ಕಿಟಕಿಯ ಹತ್ತಿರ ಕುಳಿತು ಮಗ್ಗಿ ಬರೆಯುತ್ತಿದ್ದಳು, ಒಂದು ಜಡೆಯ ರಿಬ್ಬನ್ ಬಿಚ್ಚಿಹೋಗಿತ್ತು. ಪದ್ಮಕ್ಕನ ಗಂಡ ಸಂಜೆಯ ಪತ್ರಿಕೆಯನ್ನು ತಂದು ಮೊದಲ ಪುಟದಲ್ಲಿದ್ದ ಹೀರೋನ ಫೋಟೋ ತೋರಿಸಿ, ಜೈಲಾದ ಸುದ್ದಿಯನ್ನು ಹೆಂಡತಿಗೆ ಓದಿ ಹೇಳಿ, ಕಾಲು ತೊಳೆಯಲು ಹೋಗಿದ್ದರು. ಪದ್ಮಕ್ಕ ಅದೇ ಪತ್ರಿಕೆಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಹರಿವೆ ಸೊಪ್ಪು ಸೋಸುತ್ತಿದ್ದರು. ನಾನು ಬಗ್ಗಿ ಮಗಳ ಪುಸ್ತಕ ಚೀಲಕ್ಕೆ ಹಾಕುತ್ತಿರುವಾಗ, ತಲೆ ಎತ್ತದೆಯೇ ಹೇಳಿದರು.

"ಹಾಗಾದ್ರೆ ಆ ಹೋಟ್ಲಿನ ಅಡುಗೆಯವ ತಿಂದದ್ದಲ್ಲ ಮಾರಾಯ್ತಿ. ಈ ದಂಟು ಬಲಿತದ್ದು ನೋಡು, ನಾಳೆ ಆ ಸೊಪ್ಪಿನವಳಿಗೆ ಹೇಳ್ಬೇಕು."